ಒಗ್ಗರಣೆ ಕೆಮ್ಮು

ಜ್ಯೇಷ್ಠಮಧುವಿನ ಬೇರನ್ನು ಜಜ್ಜಿ ನೀರಿಗೆ ಹಾಕಿ ಕುದಿಸುವಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಮೊದಲು ಹಸಿ ಮಣ್ಣಿನ ವಾಸನೆ, ಆಮೇಲೆ ಸಿಹಿ, ಕೊನೆಗೆ ಆ ಸಿಹಿಯ ಬೆನ್ನಿಗೇ ಸಣ್ಣದೊಂದು ಕಹಿ. ಅದಕ್ಕೆ ನಮ್ಮ ಕಡೆಯವರು ಒಳ್ಳೆಮೆಣಸು ಎನ್ನುವ ಕಾಳುಮೆಣಸಿನ ಪುಡಿ ಬಿತ್ತೆಂದರೆ ಮೂಗು ತನ್ನಷ್ಟಕ್ಕೆ ಅರಳುತ್ತದೆ. ಕೋಲ್ಕತ್ತಾದ ಚಳಿಗಾಲದಲ್ಲಿ ಗಾಳಿಗೂ ಹೊಗೆಗೂ ವ್ಯತ್ಯಾಸ ಉಳಿಯುವುದಿಲ್ಲ. ಕತ್ತಲಾಗುವ ಹೊತ್ತಿಗೆ ಕಸ್ಬಾದ ನಮ್ಮ ಕಟ್ಟಡದ ಒಂದೊಂದು ಮಹಡಿಯಿಂದಲೂ ಒಣ ಕೆಮ್ಮು ಕೇಳಿಸತೊಡಗುತ್ತದೆ. ಇಲ್ಲಿಯವರು ಅದನ್ನು ‘ಖುಷ್‌ಖುಷೆ’ ಕೆಮ್ಮು ಎನ್ನುತ್ತಾರೆ. ಕಫವಿಲ್ಲದ, ಗಂಟಲೊಳಗೆ ಕಚಗುಳಿಯಿಡುವ, ದಿಂಬಿಗೆ ತಲೆ ಕೊಟ್ಟ ಕೂಡಲೇ ಶುರುವಾಗುವ ಆ ಕೆಮ್ಮಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಬೇರೆ ಯಾವ ಭಾಷೆಯಲ್ಲೂ ಕೇಳಿಲ್ಲ. ಮೊನ್ನೆ ನನ್ನ ಮಗನಿಗೂ ಬಂತು. ಕಷಾಯಕ್ಕೆ ನೀರಿಟ್ಟೆ. ಅವನು ಫೋನಿನಿಂದ ಕಣ್ಣು ತೆಗೆಯದೆ, “ಅಮ್ಮಾ, ಸಿರಪ್ ದೇ ದೋ ನಾ. ಈ ಕಟ್ಟಿಗೆ ನೀರು ಬೇಡ ನಂಗೆ” ಎಂದ. ಪಾತ್ರೆಯ ಮೇಲೆ ಬಗ್ಗಿದ್ದ ನನಗೆ ಹಬೆ ಮುಖಕ್ಕೆ ಹೊಡೆಯಿತು, ಮುಖ ತಿರುಗಿಸಿಕೊಂಡೆ. ನಿಜ ಹೇಳುತ್ತೇನೆ, ಆ ವಾಸನೆ ನನಗೆ ಆಗುವುದಿಲ್ಲ. ಆದರೂ ಪ್ರತಿ ಚಳಿಗಾಲ ಅದನ್ನೇ ಕುದಿಸುತ್ತೇನೆ. ಅಮ್ಮ ಬಿಟ್ಟುಹೋದದ್ದರಲ್ಲಿ ಇನ್ನೂ ಕೈಗೆ ಸಿಗುವುದು ಅದೊಂದೇ.

ನಮ್ಮದು ಎಸ್ಪ್ಲನೇಡ್‌ನ ಹಿಂದಿನ ಗಲ್ಲಿಯೊಂದರಲ್ಲಿದ್ದ ಸಣ್ಣ ಹೋಟೆಲು. ಕೆಳಗೆ ಹೋಟೆಲು, ಮೇಲೆ ನಾವು ಮೂವರು: ಅಪ್ಪ, ಅಮ್ಮ, ನಾನು. ಉಡುಪಿಯ ಕಡೆಯಿಂದ ಯಾರದೋ ಅಡಿಗೆ ಮನೆಗೆ ಕೆಲಸಕ್ಕೆಂದು ಬಂದ ಅಪ್ಪ, ವರ್ಷಗಟ್ಟಲೆ ಬೇರೆಯವರ ಹಿಟ್ಟು ರುಬ್ಬಿ, ಕೊನೆಗೆ ತಮ್ಮದೇ ಒಂದು ಒಲೆ ಹಚ್ಚಿದ್ದರು. ಬೆಳಿಗ್ಗೆ ಇಡ್ಲಿ, ದೋಸೆ. ಮಧ್ಯಾಹ್ನ ಅನ್ನ, ಸಾರು, ಹುಳಿ, ಪಲ್ಯ. ಹಳೆಯ ಕಾಲದ ಆ ಕಟ್ಟಡದ ನಡುವೆ ಬಾವಿಯಂತಹ ಒಂದು ಇಕ್ಕಟ್ಟು ಅಂಗಳವಿತ್ತು. ಅಡಿಗೆ ಮನೆಯ ಹೊಗೆಯೆಲ್ಲ ಅಲ್ಲಿಂದಲೇ ಮೇಲೇರಿ, ಹಸಿರು ಬಣ್ಣ ಬಳಿದ ಮರದ ಪಟ್ಟಿಯ ಕಿಟಕಿಗಳ ಸಂದಿನಿಂದ ನಮ್ಮ ಮಲಗುವ ಕೋಣೆಗೆ ಬರುತ್ತಿತ್ತು. ನನ್ನ ಶಾಲೆಯ ಪುಸ್ತಕಗಳಿಗೂ ಇಂಗಿನ ವಾಸನೆ. ತರಗತಿಯ ಹುಡುಗಿಯರು ನನ್ನನ್ನು ‘ಸಾಂಬಾರ್’ ಎಂದು ಕರೆಯುತ್ತಿದ್ದರು. ಅಮ್ಮನಿಗೆ ದೂರು ಹೇಳಿದರೆ, “ಹೇಳಲಿ ಬಿಡು. ನಾಳೆ ಅವರ ಅಪ್ಪಂದಿರೇ ಇಲ್ಲಿ ಬಂದು ಕೂತುಕೊಳ್ಳುದು” ಎನ್ನುತ್ತಿದ್ದಳು.

ಅಡಿಗೆಗೆ ಜನರಿದ್ದರು, ಅಪ್ಪನ ಕೈಯೂ ಕಡಿಮೆಯದಲ್ಲ. ಆದರೆ ಒಗ್ಗರಣೆ ಮಾತ್ರ ಅಮ್ಮನದೇ ಆಗಬೇಕಿತ್ತು. ಅದು ನಮ್ಮ ಹೋಟೆಲಿನ ಪದ್ಧತಿ. ಸಾರು ಕುದಿದು ಇಳಿದ ಮೇಲೆ ಅಪ್ಪ ಅಂಗಳದಲ್ಲಿ ನಿಂತು ಮೇಲೆ ನೋಡಿ ಕೂಗುತ್ತಿದ್ದರು, ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಕೆಳಗಿಳಿಯುತ್ತಿದ್ದಳು. ಉದ್ದ ಹಿಡಿಯ ಕಬ್ಬಿಣದ ಸೌಟಿನಲ್ಲಿ ತೆಂಗಿನೆಣ್ಣೆ ಕಾದು, ಸಾಸಿವೆ ಸಿಡಿದು, ಇನ್ನೇನು ಒಣಮೆಣಸು ಹಾಕಬೇಕು ಎನ್ನುವಾಗ ಅವಳು “ಮೆಣಸು ಬಿತ್ತೂ” ಎಂದು ರಾಗ ಎಳೆದು ಎಚ್ಚರಿಸುವಳು. ಎಲ್ಲರೂ ಮುಖ ತಿರುಗಿಸಿ ಹೆಗಲ ಮೇಲಿನ ಬೈರಾಸನ್ನೋ ಸೆರಗನ್ನೋ ಮೂಗಿಗೆ ಹಿಡಿಯುವರು. ಹಿಡಿದರೂ ಬಿಡುತ್ತದೆಯೇ ಆ ಘಾಟು! ಅಡಿಗೆ ಮನೆಯಿಡೀ ಕೆಮ್ಮು, ಕೆಮ್ಮಿನ ನಡುವೆ ನಗು, ನಗುವಿನ ನಡುವೆ ಸೌಟು ಸಾರಿಗೆ ಮುಳುಗಿದ ‘ಚೊಂಯ್’ ಶಬ್ದ. ಗಲ್ಲಿಯ ಆಚೆಯ ಕಚೇರಿಗಳ ಬಂಗಾಳಿ ಗುಮಾಸ್ತರು ಗಡಿಯಾರ ನೋಡುತ್ತಿರಲಿಲ್ಲ. ಭಟ್ಟರ ಮನೆಯಲ್ಲಿ ಕೆಮ್ಮು ಕೇಳಿತು, ಊಟ ತಯಾರಾಯಿತು ಎಂದು ಎದ್ದು ಬರುತ್ತಿದ್ದರು. ಊರ ಹೋಟೆಲುಗಳಿಗೆಲ್ಲ ಬೋರ್ಡು ಇದ್ದರೆ ನಮ್ಮದಕ್ಕೆ ಕೆಮ್ಮೇ ಬೋರ್ಡು.

ಹಾಗಾಗಿ ನಮ್ಮ ಮನೆಯಲ್ಲಿ ಕೆಮ್ಮು ಎಂದರೆ ಕಾಯಿಲೆಯಲ್ಲ, ಕಸುಬಿನ ಗುರುತು. ದರ್ಜಿಯ ಬೆರಳಿಗೆ ಸೂಜಿ ಗುರುತು ಇದ್ದ ಹಾಗೆ. ಬಂದ ನೆಂಟರು ಯಾರಾದರೂ ಎಂತ ಕೆಮ್ಮು ಇದು ಎಂದು ಕೇಳಿದರೆ ಅಪ್ಪ ಎದೆಯುಬ್ಬಿಸಿ “ಒಗ್ಗರಣೆ ಕೆಮ್ಮು ಮಾರಾಯ್ರೆ. ಅನ್ನ ಹಾಕುವ ಹೊಗೆಗೆ ಬೈಲಿಕ್ಕುಂಟಾ?” ಎನ್ನುತ್ತಿದ್ದರು. ಒಂದು ಕೆಮ್ಮಿಗೆ ಹೀಗೆ ಹೆಸರಿಟ್ಟು, ಮನೆಯವರಲ್ಲಿ ಒಬ್ಬನನ್ನಾಗಿ ಮಾಡಿಕೊಂಡ ಮೇಲೆ ಅದರ ಮೇಲೆ ಅನುಮಾನ ಪಡುವವರು ಯಾರು? ಅಮ್ಮನನ್ನು ಕೊಂಡೊಯ್ದದ್ದು ಅದೇ ಕೆಮ್ಮು. ಅಥವಾ, ಅದರ ಹೆಸರು ಹೇಳಿಕೊಂಡು ನಮ್ಮೊಳಗೆ ಬಂದು ಕೂತ ಇನ್ನೊಂದು.

ರಾತ್ರಿಗಳು ಹೀಗಿರುತ್ತಿದ್ದವು. ದೀಪ ಆರಿಸಿ, ಗಲ್ಲಿಯ ಕೊನೆಯ ಅಂಗಡಿಯ ಶಟರು ಇಳಿದು, ದೂರದ ಟ್ರಾಮಿನ ಸದ್ದೂ ನಿಂತ ಮೇಲೆ ನನ್ನ ಗಂಟಲಲ್ಲಿ ತುರಿಕೆ ಏಳುತ್ತಿತ್ತು. ಒಂದು ಸಲ ಕೆಮ್ಮಿದರೆ ಸಾಕು, ಕತ್ತಲಲ್ಲಿ ಅಮ್ಮನ ಬಳೆ ಸದ್ದು. ಅವಳು ಕಷಾಯ ಕುದಿಯುವವರೆಗೆ ಕಾಯಿಸುತ್ತಿರಲಿಲ್ಲ. ಮೊದಲು ಒಂದು ಲವಂಗವನ್ನು ದೇವರ ಮುಂದಿನ ದೀಪದ ಕುಡಿಗೆ ಹಿಡಿದು ಕೊಂಚ ಸುಟ್ಟು, ಊದಿ, ನನ್ನ ಕೆನ್ನೆಯೊಳಗೆ ಇಡುವಳು. “ಅಗಿಬೇಡ ಪುಟ್ಟೀ, ಚೀಪು. ಎಂಜಲು ನಿಧಾನಕ್ಕೆ ನುಂಗು.” ಆಮೇಲೆ ಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ಅದ್ದಿದ ಎರಡು ಬೆರಳು ಗಂಟಲ ಗುಂಟ ಕೆಳಗೆ, ಕೆಳಗೆ. ಅಷ್ಟರಲ್ಲಿ ಕಷಾಯ ಬರುತ್ತಿತ್ತು: ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಜ್ಯೇಷ್ಠಮಧು, ಮೇಲೆ ಒಂದು ತುಂಡು ತಾಲ್ ಮಿಶ್ರಿ. ತಾಳೆಯ ಬೆಲ್ಲದ ಆ ಕಲ್ಲುಸಕ್ಕರೆಯನ್ನು ಕೊಡುತ್ತಿದ್ದದ್ದು ಅಂಗಳದ ಆಚೆ ಬದಿಯ ಕೋಣೆಯಲ್ಲಿದ್ದ ಮುದುಕಿ, ನಾನು ಮಾಶಿಮಾ ಎಂದು ಕರೆಯುತ್ತಿದ್ದವರು. ಆಡುಸೋಗೆಯ ಎಲೆಯನ್ನೂ ಅವರೇ ಎಲ್ಲಿಂದಲೋ ತಂದುಕೊಟ್ಟು, ಕಿಟಕಿಯಿಂದ ಕಿಟಕಿಗೆ ಹಿಂದಿಯನ್ನೂ ಬಂಗಾಳಿಯನ್ನೂ ಕಲಸಿ ಅದನ್ನು ಕುದಿಸುವ ಬಗೆ ಹೇಳುವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತದೆ ಗಾದೆ. ನಮಗೆ ಹಿತ್ತಲೇ ಇರಲಿಲ್ಲ, ಮದ್ದು ಮಾತ್ರ ಮನೆ ತುಂಬ ಇತ್ತು. ನಾನು ಕುಡಿದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ತುರಿಕೆ ಎಲ್ಲೋ ದೂರ ಹೋಗಿ ಕೂತುಕೊಳ್ಳುತ್ತಿತ್ತು. ಲೋಕದಲ್ಲಿ ಅದಕ್ಕಿಂತ ದೊಡ್ಡ ಹಿತವನ್ನು ನಾನು ಮತ್ತೆ ಕಂಡಿಲ್ಲ.

ನನ್ನ ಕೆಮ್ಮು ನಿಂತ ಮೇಲೆ ಅಮ್ಮನದು ಶುರುವಾಗುತ್ತಿತ್ತು. ಲೋಟದಲ್ಲಿ ಉಳಿದದ್ದನ್ನು ಅವಳು ಕುಡಿಯುವಳು. ದಿನ ಹೋದ ಹಾಗೆ ಆ ಉಳಿದದ್ದು ಸಾಲದಾಯಿತು, ಅವಳಿಗೆಂದೇ ಬೇರೆ ಪಾತ್ರೆ ಇಡಬೇಕಾಯಿತು. ಅದರಿಂದ ಕೆಮ್ಮು ತಗ್ಗುತ್ತಿತ್ತು ಕೂಡ. ಅದೇ ನಮಗೆ ಮುಳುವಾಯಿತು. ಕುಡಿದ ಮೇಲೆ ಒಂದಿಷ್ಟು ಹೊತ್ತು ಅವಳು ತೆಪ್ಪಗೆ ಮಲಗುತ್ತಿದ್ದಳು, ಅಪ್ಪ “ಈಗ ಹೇಗುಂಟು?” ಎನ್ನುವರು, ಅವಳು “ಹಿತ ಆಯ್ತು” ಎನ್ನುವಳು, ಅಲ್ಲಿಗೆ ಮುಗಿಯಿತು. ಹಿತವಾಗದಿದ್ದರೆ ಕಷಾಯಕ್ಕೆ ಒಳ್ಳೆಮೆಣಸು ಜಾಸ್ತಿ, ಅದಕ್ಕೂ ಬಗ್ಗದಿದ್ದರೆ ತುಪ್ಪ, ಆಮೇಲೆ ಶುಂಠಿ, ಆಮೇಲೆ ಮಾಶಿಮಾರ ತುಳಸಿ. ಮೆಟ್ಟಿಲು ಹತ್ತುವಾಗ ಅಮ್ಮ ನಡುವೆ ನಿಂತು ಗೋಡೆಗೆ ಕೈ ಕೊಡತೊಡಗಿದಳು; ಮೆಟ್ಟಿಲು ಕಡಿದು ಎಂದಳು, ನಾವೂ ಮೆಟ್ಟಿಲನ್ನೇ ಬೈದೆವು. ಮಲಗಿದರೆ ಕೆಮ್ಮು ಹೆಚ್ಚು ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಅಪ್ಪ ಇನ್ನೊಂದು ದಿಂಬು ತಂದುಕೊಟ್ಟರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಾರಲ್ಲ, ನಮಗೆ ಬೇಕಿತ್ತು. ಅಂಗೈಯಲ್ಲಿ ಹುಣ್ಣಿದ್ದೂ ನಾವು ಅದನ್ನು ಮದರಂಗಿ ಎಂದುಕೊಂಡಿದ್ದೆವು.

ಆ ವರ್ಷದ ಮಳೆಗಾಲದಲ್ಲಿ ಗಲ್ಲಿಯಲ್ಲಿ ನೀರು ನಿಂತಿತು. ಕೋಲ್ಕತ್ತಾದಲ್ಲಿ ನೀರು ನಿಲ್ಲುವುದು ಹೊಸದೇನಲ್ಲ, ಆದರೆ ಆ ಸಲ ಅದು ಇಳಿಯುವ ಮಾತೇ ಆಡಲಿಲ್ಲ. ಅಡಿಗೆ ಮನೆಯಲ್ಲಿ ಮೊಣಕಾಲುದ್ದ ಕೊಳಚೆ, ಒಲೆ ಮುಳುಗಿತ್ತು, ಪಾತ್ರೆಗಳು ತೇಲುತ್ತಿದ್ದವು. ಕೆಲಸದವರು ತಮ್ಮ ತಮ್ಮ ಬಿಡಾರ ಸೇರಿಕೊಂಡರು. ನಾವು ಮೇಲೆ ಕೂತು ಮಾಶಿಮಾ ಕೊಟ್ಟ ಮಂಡಕ್ಕಿ ತಿನ್ನುತ್ತಾ ದಿನ ಕಳೆದೆವು. ನನಗೆ ಅದು ಹಬ್ಬ. ಶಾಲೆಯಿಲ್ಲ, ಹೋಟೆಲಿಲ್ಲ, ಅಮ್ಮ ಕೆಳಗಿಳಿಯುವುದಿಲ್ಲ. ಮಳೆ ತೊಳೆದ ಗಾಳಿ ಕಿಟಕಿಯಿಂದ ಬರುತ್ತಿತ್ತು. ಇಂಗಿಲ್ಲ, ಎಣ್ಣೆಯಿಲ್ಲ, ನಮ್ಮ ಕೋಣೆಗೆ ಅದರದೇ ಒಂದು ವಾಸನೆ, ಹಳೆಯ ಸುಣ್ಣದ್ದು, ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಕರೆಂಟೂ ಇರಲಿಲ್ಲ. ಫ್ಯಾನಿನ ಸದ್ದಿಲ್ಲದ ಒಂದು ರಾತ್ರಿ ಇಡೀ ಗಲ್ಲಿ ಮೌನವಾಗಿತ್ತು. ಆ ಮೌನದಲ್ಲಿ ಅಮ್ಮ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಅಪ್ಪ ಎದ್ದು ಕೂತರು.

“ಎಂತ ಅದು ನಿಂದು?” ಎಂದು ಕೇಳಿದರು.

“ಎಂತ ಇಲ್ಲ. ಒಗ್ಗರಣೆ ಘಾಟು” ಎಂದಳು ಅಮ್ಮ, ಅಭ್ಯಾಸ ಬಲ.

 ಅಪ್ಪ ಮೂಗೆಳೆದು ಗಾಳಿಯನ್ನು ಮೂಸುತ್ತಿರುವುದು ನನಗೆ ಕತ್ತಲಲ್ಲೂ ಕೇಳಿಸಿತು. “ಒಲೆ ಎಲ್ಲಿ ಉರೀತಾ ಉಂಟು ಮಾರಾಯ್ತಿ?” ಎಂದರು. ಆ ದನಿಯಲ್ಲಿ ಅವರು ಅಮ್ಮನ ಹತ್ತಿರ ಅದುವರೆಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.  ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ನಮ್ಮ ಬೆಂಕಿ ನೀರಿನಡಿಯಲ್ಲಿತ್ತು, ಆದರೂ ಅವಳು ಬೆಳಗಿನವರೆಗೂ ಕೆಮ್ಮಿದಳು.

ನೀರು ಇಳಿಯುವುದನ್ನೂ ಕಾಯದೆ ಅಪ್ಪ ಅವಳನ್ನು ಕೈಯಲ್ಲಿ ಎಳೆಯುವ ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಹೋದೆ, ಮಾಶಿಮಾರ ಹತ್ತಿರ ಬಿಡುತ್ತೇನೆಂದರೂ ಕೇಳಲಿಲ್ಲ. ವಯಸ್ಸಾದ ಬಂಗಾಳಿ ಡಾಕ್ಟರು ಅಮ್ಮನ ಬೆನ್ನಿಗೆ ಯಂತ್ರವಿಟ್ಟು ಬಹಳ ಹೊತ್ತು ಆಲಿಸಿದರು. ಎಷ್ಟು ಕಾಲದಿಂದ ಈ ಕೆಮ್ಮು ಎಂದು ಕೇಳಿದರು. ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ಮದುವೆಯಾದ ಲಾಗಾಯ್ತು ಎನ್ನಬೇಕೇ, ಹೋಟೆಲು ತೆರೆದ ಲಾಗಾಯ್ತು ಎನ್ನಬೇಕೇ? ಅದು ಕೆಮ್ಮಲ್ಲ ಡಾಕ್ಟರೇ, ‘ಫೋಡನ್’, ಅಂದರೆ ಒಗ್ಗರಣೆ, ಹಾಕುವಾಗ ಬರುವುದು, ನಮ್ಮ ಮನೆಯಲ್ಲಿ ಎಲ್ಲರಿಗೂ ಉಂಟು ಎಂದು ಅವರು ತಮ್ಮ ಹರಕು ಬಂಗಾಳಿಯಲ್ಲಿ ವಿವರಿಸುತ್ತಾ ಹೋದರು. ಡಾಕ್ಟರು ತಡೆಯದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗಿ ಬಿಟ್ಟಿದೆ, ಅರಳುವುದಿಲ್ಲ, ಅದನ್ನು ಹಿಂದಕ್ಕೆ ಮೆದು ಮಾಡುವ ಔಷಧಿ ಇಲ್ಲ ಎಂದರು. ಮೊದಲೇ ಬಂದಿದ್ದರೆ ಒಂದಷ್ಟು ಕಾಲ ತಡೆಹಿಡಿಯಬಹುದಿತ್ತು ಎಂದೂ ಸೇರಿಸಿದರು. ಆ ಒಂದು ಮಾತನ್ನು ಅವರು ನುಂಗಿಕೊಂಡಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದರೋ ಏನೋ.

ಮನೆಗೆ ಆಕ್ಸಿಜನ್ ಸಿಲಿಂಡರು ಬಂತು. ಅದಿರುವ ಕೋಣೆಯಲ್ಲಿ ಬೆಂಕಿ ಹಚ್ಚಬಾರದು, ಹೊಗೆ ಸುಳಿಯಬಾರದು. ದೇವರ ಮುಂದಿನ ದೀಪವೂ ಆರಿತು. ಹೋಟೆಲನ್ನು ಮುಚ್ಚಿದರೆ ಔಷಧಿಗೆ ಏನು ಗತಿ? ಅಪ್ಪ ಅಂಗಳದ ಕಡೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, ಒಗ್ಗರಣೆಯನ್ನು ಗಲ್ಲಿಯ ಬಾಯಿಯಲ್ಲಿ ಸಣ್ಣ ಸ್ಟವ್ ಇಟ್ಟು ಕೆಲಸದವನ ಕೈಯಲ್ಲಿ ಹಾಕಿಸುತ್ತಿದ್ದರು. ಅಲ್ಲಿಂದ ಹೊತ್ತು ತರುವಷ್ಟರಲ್ಲಿ ಅದು ಸೀದಿರುತ್ತಿತ್ತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕೂತ ಅಮ್ಮ, ನಾನು ಕಲಸಿ ಕೊಟ್ಟ ಸಾರನ್ನದ ತುತ್ತು ಬಾಯಿಗಿಟ್ಟು, “ಸಾಸಿವೆ ಸಿಡಿಯುವ ಮೊದಲೇ ಮೆಣಸು ಹಾಕಿದ್ದಾನೆ. ನಿನ್ನ ಅಪ್ಪನಿಗೆ ಹೇಳು, ಜನ ಬಿಟ್ಟು ಹೋಗ್ತಾರೆ” ಎನ್ನುವಳು. ಅಷ್ಟು ಹೇಳಲು ಅವಳಿಗೆ ನಡುನಡುವೆ ನಿಲ್ಲಬೇಕಾಗುತ್ತಿತ್ತು.

ಕಷಾಯ ಈಗ ನನ್ನ ಕೆಲಸವಾಯಿತು. ಮಾಶಿಮಾರ ಕೋಣೆಯಲ್ಲಿ ಕುದಿಸಿ, ಸೋಸಿ, ಸೆರಗಿಲ್ಲದ ನಾನು ಫ್ರಾಕಿನ ಅಂಚಿನಲ್ಲಿ ಲೋಟ ಹಿಡಿದು ಅಂಗಳ ಸುತ್ತಿ ತರುತ್ತಿದ್ದೆ. ಅಮ್ಮ ನನ್ನ ಗಂಟಲಿಗೆ ಮಾಡಿದ ಹಾಗೆಯೇ ನಾನು ಅವಳ ಗಂಟಲಿಗೆ ಎಣ್ಣೆ ಸವರುತ್ತಿದ್ದೆ. ಬೆರಳ ಕೆಳಗೆ ಎಲುಬು ಎದ್ದಿತ್ತು. ಕಷಾಯದ ಒಂದು ಗುಟುಕು ಇಳಿದರೆ ಕೆಮ್ಮು ಅದನ್ನು ಹೊರಗೆಸೆಯುತ್ತಿತ್ತು. ಇಡೀ ಮೈ ಗೋಣಿಚೀಲ ಕೊಡವಿದ ಹಾಗೆ ಅಲುಗಿ, ಕಣ್ಣಲ್ಲಿ ನೀರು ಬಂದು, ತುಟಿ ನೀಲಿಯಾಗುತ್ತಿತ್ತು. ಅದು ನಿಂತ ಮೇಲೆ ಅವಳು ನನ್ನ ಮುಖ ನೋಡಿ, “ಹಿತ ಆಯ್ತು ಪುಟ್ಟೀ. ನೀನು ಮಲಗು” ಎನ್ನುವಳು. ಹಿತವಾಗಿರಲಿಲ್ಲ. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಆಗ ಹತ್ತು ತುಂಬಿತ್ತೋ ಇಲ್ಲವೋ. ಈ ಭೂಮಿಯಲ್ಲಿ ಅಮ್ಮನ ಕಷಾಯಕ್ಕೆ ಆಗದ್ದು ಒಂದಿದೆ ಎಂದು ತಿಳಿದ ಮೇಲೆ ನಾನು ಯಾವುದನ್ನೂ ಪೂರ್ತಿ ನಂಬಿಲ್ಲ, ದೇವರನ್ನು ಸೇರಿಸಿ.

ಚಳಿಗಾಲ ಮುಗಿಯುವ ಮೊದಲೇ ಅವಳು ಹೋದಳು. ಗಂಗೆಯ ದಡದಲ್ಲಿ ಎಲ್ಲ ಮುಗಿಸಿ ಅಪ್ಪ ಬಂದರು. ಊರಿನಿಂದ ಬರಬೇಕಾದವರು ಹೌರಾ ಸ್ಟೇಷನ್ನಿಗೆ ಬಂದಿಳಿಯುವಷ್ಟರಲ್ಲಿ ಬೂದಿಯೂ ತಣ್ಣಗಾಗಿತ್ತು. ಸಾವಿನ ಮನೆಯ ಅಡಿಗೆಗೆ ಒಗ್ಗರಣೆಯಿಲ್ಲ. ಅದು ನಮ್ಮವರ ಕಟ್ಟಳೆ. ಬೇಯಿಸಿದ್ದನ್ನು ಬೇಯಿಸಿದ ಹಾಗೇ ಉಣ್ಣಬೇಕು, ಸಾಸಿವೆ ಸಿಡಿಯಬಾರದು, ಮೆಣಸು ಹುರಿಯಬಾರದು. ಸೂತಕದ ಅಷ್ಟೂ ದಿನ ಆ ಕಟ್ಟಡದಲ್ಲಿ ಯಾರೂ ಕೆಮ್ಮಲಿಲ್ಲ. ನನಗೆ ನಿದ್ದೆ ಬರುತ್ತಿರಲಿಲ್ಲ. ಅಂಗಳದ ಆಚೆ ಮಾಶಿಮಾರ ದೀಪವೂ ಉರಿಯುತ್ತಲೇ ಇರುತ್ತಿತ್ತು. ಎಷ್ಟೋ ವರ್ಷ ಆ ಕೆಮ್ಮಿನ ಸದ್ದಿಗೆ ಕಿವಿ ಕೊಟ್ಟೇ ಮಲಗುತ್ತಿದ್ದ ನಮಗೆಲ್ಲ ಈಗ ಯಾವ ಸದ್ದಿಗೆ ಕಾಯಬೇಕೆಂದು ತಿಳಿಯುತ್ತಿರಲಿಲ್ಲ.

ಶುದ್ಧವಾಯಿತು, ಹದಿಮೂರನೆಯ ದಿನದ ಸಿಹಿಯೂಟವಾಯಿತು, ನೆಂಟರು ಹೊರಟರು. ಅಪ್ಪ ಹೋಟೆಲು ತೆರೆದರು. ಮೊದಲ ದಿನ ಸಾರು ಇಳಿಸಿ, ಸೌಟು ಕಾಯಿಸಿದರು. ಸಾಸಿವೆ ಸಿಡಿಯಿತು. ಅಪ್ಪ ಮೆಣಸನ್ನು ಮುಷ್ಟಿಯಲ್ಲಿ ಹಿಡಿದು ಒಲೆಯ ಮುಂದೆ ನಿಂತಿದ್ದರು. ಕೆಲಸದವರು ಮುಖ ತಿರುಗಿಸಿ ಕಾಯುತ್ತಿದ್ದರು. ಸಾಸಿವೆ ಕರಕಲಾಗಿ ಎಣ್ಣೆ ಹೊಗೆಯಾಡಿತು. ಅವರು ಮೆಣಸನ್ನು ಡಬ್ಬಿಗೆ ಹಾಕಿ, ಸೌಟನ್ನು ನೀರಿಗೆ ಮುಳುಗಿಸಿ, ಸಾರನ್ನು ಹಾಗೆಯೇ ಬಡಿಸಲು ಹೇಳಿದರು. ಮರುದಿನವೂ ಹಾಗೇ. ಕೆಲಸದವರು ಹೇಳಿ ನೋಡಿದರು, ಊರಿಂದ ಚಿಕ್ಕಪ್ಪ ಫೋನಿನಲ್ಲಿ ಗದರಿಸಿ ನೋಡಿದರು. ಅಪ್ಪ ಎಲ್ಲರಿಗೂ ಹೂಂ ಎನ್ನುತ್ತಿದ್ದರು. ಆಚೆಯ ಗುಮಾಸ್ತರಿಗೆ ಕೆಮ್ಮು ಕೇಳಿಸದೆ, ಭಟ್ಟರು ಅಂಗಡಿ ಮುಚ್ಚಿರಬೇಕು ಎಂದು ಬೇರೆ ಕಡೆ ಹೋಗುವುದು ರೂಢಿಯಾಯಿತು. ಬರುವವರು ಕಡಿಮೆಯಾದರು, ಕೆಲಸದವರು ಬಿಟ್ಟರು, ಮಾಶಿಮಾ ತೀರಿಕೊಂಡರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಹೋಟೆಲಿನಲ್ಲಿ ಅಪ್ಪ ಮತ್ತು ಒಂದು ಪಾತ್ರೆ ಸಾರು ಮಾತ್ರ ಉಳಿದಿತ್ತು. ಈಗ ಆ ಕಟ್ಟಡವೂ ಇಲ್ಲ, ಅಪ್ಪನೂ ಇಲ್ಲ. ಅಲ್ಲಿ ಮೊಬೈಲಿನ ಕವರು ಮಾರುವ ಸಾಲು ಅಂಗಡಿಗಳಿವೆ. ನಾನು ಆ ಕಡೆಗೆ ಹೋಗುವುದಿಲ್ಲ.

ಹೋಟೆಲು ಮುಚ್ಚುವುದಕ್ಕೆ ಕೆಲವು ದಿನ ಮೊದಲು ಒಬ್ಬ ಹೊಸ ಹುಡುಗ ಊಟಕ್ಕೆ ಬಂದಿದ್ದ. ಧಾರವಾಡದವನು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಲು ಬಂದವನು. ಕನ್ನಡದ ಹೋಟೆಲು ಎಂದು ಯಾರೋ ಹೇಳಿದ್ದನ್ನು ಕೇಳಿ ಬಿಸಿಲಲ್ಲಿ ಹುಡುಕಿಕೊಂಡು ಬಂದಿದ್ದ. ಎರಡು ತುತ್ತು ಉಂಡು, ಸಂಕೋಚದಿಂದ ನಗುತ್ತಾ, “ಭಟ್ರ, ಸಾರಿಗೆ ಒಗ್ಗರಣಿ ಹಾಕೋದ ಮರ್ತೀರೇನ್ರಿ?” ಎಂದ.

“ಇಲ್ಲ. ಮನೆಯಲ್ಲಿ ಸೂತಕ ಉಂಟು” ಎಂದರು ಅಪ್ಪ.

ಹುಡುಗ ಉಣ್ಣುವುದನ್ನು ನಿಲ್ಲಿಸಿದ. “ಅಯ್ಯೋ, ಗೊತ್ತಿರಲಿಲ್ರೀ. ಯಾವಾಗ ಆತ್ರಿ?”

 ನಾನು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದೆ, ಅಪ್ಪ ನನ್ನ ಕಡೆ ನೋಡಿದರು. ಆಮೇಲೆ ಬಗ್ಗಿ, ಹುಡುಗ ಬೇಡ ಬೇಡ ಎನ್ನುತ್ತಿದ್ದರೂ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.